ಪಿಸಿಪಿ ಏರ್ ರೈಫಲ್: ಬಂದೂಕಿಗಿಂತ ಮೊದಲು ಗಾಳಿಯ ಲೆಕ್ಕ

ಹತ್ತು ಮೀಟರ್ ಏರ್ ರೈಫಲ್ ಕಲಿಯಲು ಮಕ್ಕಳನ್ನು ಸೇರಿಸಿದ ಹೆತ್ತವರು ಕೆಲವು ತಿಂಗಳಲ್ಲೇ ನನ್ನ ಬಳಿ ಬಂದು ಕೇಳುವ ಪ್ರಶ್ನೆ, ‘ಯಾವ ಕಂಪನಿಯದು ತೆಗೆದುಕೊಳ್ಳೋಣ?’ ಎಂಬುದು. ಅದಕ್ಕೆ ಉತ್ತರಿಸುವ ಮೊದಲು ನಾನು ಅವರಿಗೆ ಒಂದು ಪ್ರಶ್ನೆ ಕೇಳುತ್ತೇನೆ: ‘ಗಾಳಿ ಎಲ್ಲಿ ತುಂಬಿಸುತ್ತೀರಿ?’ ಬಹುತೇಕರು ಈ ಬಗ್ಗೆ ಯೋಚಿಸಿಯೇ ಇರುವುದಿಲ್ಲ. ರೈಫಲ್ ಮನೆಗೆ ಬಂದ ಮೇಲೆ ಸಿಲಿಂಡರ್ ಹಿಡಿದುಕೊಂಡು ಪಂಕ್ಚರ್ ಅಂಗಡಿಗೆ ಹೋಗಿ ಬಂದವರನ್ನೂ ಕಂಡಿದ್ದೇನೆ. ಕಾರಿನ ಟಯರಿಗೆ ನಾವು ತುಂಬುವುದು ಸುಮಾರು 32 ಪಿಎಸ್‌ಐ, ಎಂದರೆ ಎರಡು ಬಾರ್‌ಗೆ ಸ್ವಲ್ಪ ಹೆಚ್ಚು. ಸ್ಪರ್ಧೆಯ ಏರ್ ರೈಫಲ್‌ನ ಸಿಲಿಂಡರ್ ಕೇಳುವುದು 200 ಬಾರ್, ಎಂದರೆ ಸುಮಾರು 2,900 ಪಿಎಸ್‌ಐ. ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಎರಡು ಕ್ವಿಂಟಲ್ ಭಾರ ಹೇರಿದಂತಹ ಒತ್ತಡವದು. ಆದ್ದರಿಂದ ಈ ಲೇಖನದಲ್ಲಿ ರೈಫಲ್‌ನ ಆಯ್ಕೆಯ ಮಾತು ಬರುವುದು ಗಾಳಿಯ ಮಾತು ಮುಗಿದ ಮೇಲೆಯೇ.

ಸ್ಪರ್ಧೆಯ ಈ ರೈಫಲ್ ಪಿಸಿಪಿ (ಪ್ರಿ-ಚಾರ್ಜ್ಡ್ ನ್ಯೂಮ್ಯಾಟಿಕ್) ಬಗೆಯದು, ಎಂದರೆ ಮೊದಲೇ ಗಾಳಿ ತುಂಬಿಟ್ಟುಕೊಂಡ ಬಂದೂಕು. ಜಾತ್ರೆಯಲ್ಲಿ ಬಲೂನು ಹೊಡೆಯುವ, ನಳಿಗೆಯನ್ನು ಮುರಿದು ಮಡಿಸುವ ಸ್ಪ್ರಿಂಗ್ ಗನ್‌ನಲ್ಲಿ ಪ್ರತಿ ಹೊಡೆತಕ್ಕೂ ಸ್ಪ್ರಿಂಗ್ ಚಿಮ್ಮಿ, ಪಿಸ್ಟನ್ ಮುಂದಕ್ಕೆ ಬಡಿದು ಗಾಳಿಯನ್ನು ಒತ್ತಬೇಕಾಗುತ್ತದೆ. ಪೆಲೆಟ್ (ಸೀಸದ ಸಣ್ಣ ಗುಂಡು) ನಳಿಗೆ ಬಿಡುವ ಮೊದಲೇ ಆ ಬಡಿತಕ್ಕೆ ಬಂದೂಕು ಅಲುಗುತ್ತದೆ. ಪಿಸಿಪಿಯಲ್ಲಿ ಗಾಳಿ ಸಿಲಿಂಡರ್‌ನಲ್ಲಿ ಸಿದ್ಧವಾಗಿರುತ್ತದೆ. ಟ್ರಿಗರ್ ಒತ್ತಿದಾಗ ಒಳಗಿನ ಸಣ್ಣ ಸುತ್ತಿಗೆ ಕವಾಟಕ್ಕೆ ತಟ್ಟುತ್ತದೆ, ಕಣ್ಣೆವೆ ಮುಚ್ಚುವಷ್ಟೂ ಸಮಯ ಹಿಡಿಯದೆ ಕವಾಟ ತೆರೆದು ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ನುಗ್ಗಿದ ಗಾಳಿ ಪೆಲೆಟನ್ನು ತಳ್ಳುತ್ತದೆ. ಸಿಲಿಂಡರ್‌ಗೂ ಕವಾಟಕ್ಕೂ ನಡುವೆ ಇರುವ ರೆಗ್ಯುಲೇಟರ್, ಸಿಲಿಂಡರ್‌ನಲ್ಲಿ 200 ಬಾರ್ ಇದ್ದರೂ 100 ಬಾರ್ ಇದ್ದರೂ ಕವಾಟಕ್ಕೆ ಒಂದೇ ಅಳತೆಯ ಒತ್ತಡವನ್ನು ಒದಗಿಸುವುದರಿಂದ, ಮೊದಲ ಹೊಡೆತಕ್ಕೂ ಅರವತ್ತನೆಯ ಹೊಡೆತಕ್ಕೂ ವೇಗದಲ್ಲಿ ವ್ಯತ್ಯಾಸ ಬಾರದು. ಗುರಿಕಾಗದದಲ್ಲಿ ಹತ್ತು ಅಂಕದ ವಲಯದ ವ್ಯಾಸ ಕೇವಲ ಅರ್ಧ ಮಿಲಿಮೀಟರ್ ಇರುವ ಆಟದಲ್ಲಿ ಈ ಸಮತೆಯೇ ಎಲ್ಲಕ್ಕೂ ಬುನಾದಿ.

ಕಾನೂನಿನ ಗೆರೆ

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ನಳಿಗೆಯ ವ್ಯಾಸ 0.177 ಇಂಚು (4.5 ಮಿಲಿಮೀಟರ್) ಮೀರದ, ನಳಿಗೆಯ ಬಾಯಲ್ಲಿ ಪೆಲೆಟ್‌ನ ಶಕ್ತಿ 20 ಜೂಲ್ ದಾಟದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಆದರೂ ಅಂಗಡಿಯವರು ಗುರುತಿನ ಮತ್ತು ವಿಳಾಸದ ದಾಖಲೆ ಪಡೆದು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅದನ್ನು ಕೇಳದೆ ಮಾರುವವರಿಂದ ಕೊಳ್ಳದಿರುವುದೇ ಒಳ್ಳೆಯದು. ಈ ಎರಡು ಮಿತಿಗಳಲ್ಲಿ ಯಾವುದೊಂದನ್ನು ದಾಟಿದರೂ ಪರವಾನಗಿ ಕಡ್ಡಾಯ. ಸ್ಪರ್ಧೆಯ ರೈಫಲ್ ಸುಮಾರು 0.53 ಗ್ರಾಂ ತೂಕದ ಪೆಲೆಟನ್ನು ಸೆಕೆಂಡಿಗೆ 170 ಮೀಟರ್‌ನ ಆಸುಪಾಸಿನ ವೇಗದಲ್ಲಿ ಕಳುಹಿಸುತ್ತದೆ. ಲೆಕ್ಕ ಹಾಕಿದರೆ ಶಕ್ತಿ ಎಂಟು ಜೂಲ್‌ನೊಳಗೇ ನಿಲ್ಲುತ್ತದೆ. ಹತ್ತು ಮೀಟರ್ ದೂರದ ಕಾಗದಕ್ಕೆ ಅಷ್ಟು ಧಾರಾಳವಾಗಿ ಸಾಕು. ‘ಇನ್ನೂ ಪವರ್ ಹೆಚ್ಚಿಸಿಕೊಡುತ್ತೇವೆ’ ಎನ್ನುವ ಮೆಕ್ಯಾನಿಕ್‌ಗಳ ಮಾತಿಗೆ ಕಿವಿಗೊಡಬೇಡಿ. ರೆಗ್ಯುಲೇಟರ್ ಕೆಣಕಿದರೆ ನಿಖರತೆಯೂ ಕೆಡುತ್ತದೆ, ಕಾನೂನಿನ ಮಿತಿಯೂ ದಾಟಬಹುದು. ಪರವಾನಗಿ ಬೇಡ ಎಂದ ಮಾತ್ರಕ್ಕೆ ಹಕ್ಕಿಗಳಿಗೆ, ಪ್ರಾಣಿಗಳಿಗೆ ಗುರಿಯಿಡಲು ಅನುಮತಿ ಸಿಕ್ಕಿತೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಅದು ಅಪರಾಧ, ಮತ್ತು ಈ ಲೇಖನ ಗುರಿಕಾಗದಕ್ಕೆ ಹೊಡೆಯುವವರಿಗೆ ಮಾತ್ರ.

ಗಾಳಿಯ ಮೂಲ

ಗಾಳಿ ಸಿಗುವ ದಾರಿಗಳು ಮೂರು. ನೀವು ಅಭ್ಯಾಸ ಮಾಡುವ ರೇಂಜ್‌ನಲ್ಲೇ ದೊಡ್ಡ ಸಿಲಿಂಡರ್ ಅಥವಾ ಕಂಪ್ರೆಸರ್ ಇದ್ದರೆ ನಿಮ್ಮ ಅರ್ಧ ಚಿಂತೆ ಕಳೆದಂತೆ. ಬೆಂಗಳೂರಿನಲ್ಲಿ ಇದು ಕಷ್ಟವಲ್ಲ; ತಿಲೋತ್ತಮಾ ಸೇನ್ 2023ರಲ್ಲಿ ಚಾಂಗ್ವಾನ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿಯ ಜೊತೆಗೆ ದೇಶಕ್ಕೆ ಒಲಿಂಪಿಕ್ ಕೋಟಾ ಗೆದ್ದದ್ದು ಇದೇ ಹತ್ತು ಮೀಟರ್ ಏರ್ ರೈಫಲ್‌ನಲ್ಲಿ, ಅವರ ಊರೂ ಬೆಂಗಳೂರೇ. ಜಿಲ್ಲಾ ಕೇಂದ್ರಗಳಲ್ಲಿ ಇರುವವರಿಗೆ ಆ ಅನುಕೂಲ ಕಡಿಮೆ.

ಎರಡನೆಯದು ಸ್ವಂತ ದೊಡ್ಡ ಸಿಲಿಂಡರ್. ಮುಳುಗುಗಾರರು ಬಳಸುವಂಥ ಹತ್ತು ಅಥವಾ ಹನ್ನೆರಡು ಲೀಟರ್ ಸಿಲಿಂಡರ್ ಇಟ್ಟುಕೊಂಡು, ಅದನ್ನು ಉಸಿರಾಟದ ಗಾಳಿ ತುಂಬಿಕೊಡುವವರಲ್ಲಿ ತುಂಬಿಸಿ ತಂದರೆ ವಾರಗಟ್ಟಲೆ ಬಳಸಬಹುದು. ಕರಾವಳಿಯವರಿಗೆ, ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರೆದೊಯ್ಯುವ ಮುರುಡೇಶ್ವರದಂಥ ಕಡೆ ವಿಚಾರಿಸುವ ದಾರಿಯೂ ಇದೆ. ಉಸಿರಾಟಕ್ಕೆಂದು ತುಂಬುವ ಗಾಳಿಯಲ್ಲಿ ಎಣ್ಣೆ ಮತ್ತು ತೇವವನ್ನು ಸೋಸಿರುತ್ತಾರೆ, ನಮಗೆ ಬೇಕಾಗಿರುವುದೂ ಅದೇ. ದೊಡ್ಡ ಸಿಲಿಂಡರ್ ಎಷ್ಟು ದಿನ ಬರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಿ. ಹತ್ತು ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಇದೆ, ರೈಫಲ್‌ನ ಸಿಲಿಂಡರ್ ಕಾಲು ಲೀಟರಿಗೂ ಕಡಿಮೆ, ಹೇಳೋಣ 0.2 ಲೀಟರ್, ಅದರಲ್ಲಿ 100 ಬಾರ್ ಉಳಿದಿದೆ ಎಂದುಕೊಳ್ಳಿ. ಎರಡನ್ನೂ ಜೋಡಿಸಿದರೆ ಒತ್ತಡ ಸಮವಾಗಿ ಸುಮಾರು 198 ಬಾರ್‌ನಲ್ಲಿ ನಿಲ್ಲುತ್ತದೆ. ಮುಂದಿನ ಸಲ 196. ಹೀಗೆ ಇಳಿಯುತ್ತ ಇಪ್ಪತ್ತನೆಯ ಸಲಕ್ಕೆ 167ರ ಸುಮಾರಿಗೆ ಬರುತ್ತದೆ. ಅಷ್ಟಾದರೂ ಚಿಂತೆಯಿಲ್ಲ, ಏಕೆಂದರೆ ಒಂದು ಸ್ಪರ್ಧೆಯಲ್ಲಿ ಹೊಡೆಯುವುದು 60 ಗುಂಡು, ಅದರ ಮುಂಚಿನ ಹದಿನೈದು ನಿಮಿಷದ ತಾಲೀಮು ಹೊಡೆತಗಳು ಸೇರಿದರೂ ನೂರರ ಒಳಗೆ. ರೈಫಲ್‌ನ ತುಂಬಿದ ಸಿಲಿಂಡರ್ ಇನ್ನೂರಕ್ಕೂ ಹೆಚ್ಚು ಹೊಡೆತಕ್ಕೆ ಬರುತ್ತದೆ. 300 ಬಾರ್‌ನ ದೊಡ್ಡ ಸಿಲಿಂಡರ್ ಇನ್ನೂ ಹೆಚ್ಚು ಕಾಲ ಬರುವುದು ನಿಜ, ಆದರೆ ಅದರಿಂದ ತುಂಬುವಾಗ 200 ದಾಟಿ ಹೋಗುವ ಅಪಾಯವೂ ಇದೆ. ಕೈ ಕವಾಟದ ಮೇಲೆ, ಕಣ್ಣು ಒತ್ತಡ ತೋರಿಸುವ ಗೇಜಿನ ಮೇಲೆ ಇರಬೇಕು. ದೊಡ್ಡ ಸಿಲಿಂಡರ್‌ಗೆ ಕಾಲಕಾಲಕ್ಕೆ ನೀರಿನ ಒತ್ತಡದ ಪರೀಕ್ಷೆ ಮಾಡಿಸಿ, ಅದರ ದಿನಾಂಕವನ್ನು ಹೆಗಲಿನ ಮೇಲೆ ಕೆತ್ತಿಸಿರಬೇಕು. ಆ ದಿನಾಂಕ ಮೀರಿದ್ದರೆ ಜವಾಬ್ದಾರಿಯುಳ್ಳ ಯಾರೂ ತುಂಬಿಕೊಡುವುದಿಲ್ಲ, ತುಂಬಿಕೊಡಲೂಬಾರದು.

ಮೂರನೆಯದು ಕೈಪಂಪು. ಸೈಕಲ್ ಪಂಪಿನಂತೆಯೇ ಕಂಡರೂ ಒಳಗೆ ಮೂರು ಹಂತಗಳಲ್ಲಿ ಗಾಳಿಯನ್ನು ಒತ್ತುವ ಯಂತ್ರ ಅದು. 1780ರ ಹೊತ್ತಿಗೆ ಆಸ್ಟ್ರಿಯಾದ ಸೈನ್ಯ ಬಳಸಿದ ಜಿರಾರ್ಡೋನಿ ಗಾಳಿಬಂದೂಕಿನ ಬುಂಡೆಯನ್ನು ತುಂಬಲು ಸುಮಾರು 1,500 ಸಲ ಪಂಪು ಒತ್ತಬೇಕಿತ್ತಂತೆ. ನಮ್ಮ ಸಣ್ಣ ಸಿಲಿಂಡರ್‌ಗೆ ಅಷ್ಟು ಬೇಡ, ಆದರೂ ಕೊನೆಯ 50 ಬಾರ್ ತುಂಬುವಾಗ ದೊಡ್ಡವರೂ ಮೈಭಾರವನ್ನೆಲ್ಲ ಹಿಡಿಕೆಯ ಮೇಲೆ ಹಾಕಬೇಕಾಗುತ್ತದೆ. ಹನ್ನೆರಡು ವರ್ಷದ ಮಗುವಿನಿಂದ ಆಗುವ ಕೆಲಸವಲ್ಲ. ಅಗ್ಗದ ದಾರಿ ಇದೇ, ಆದರೆ ತೇವದ ತೊಂದರೆ ಹೆಚ್ಚಿರುವುದೂ ಇಲ್ಲೇ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು. ಆಮ್ಲಜನಕದ ಸಿಲಿಂಡರ್‌ನಿಂದ ಎಂದಿಗೂ ತುಂಬಬೇಡಿ. ವೆಲ್ಡಿಂಗ್ ಅಂಗಡಿಯಲ್ಲಿ, ಆಸ್ಪತ್ರೆಯ ಸಾಮಾನು ಬಾಡಿಗೆಗೆ ಕೊಡುವಲ್ಲಿ ಸುಲಭವಾಗಿ ಸಿಗುತ್ತದೆ, ಒತ್ತಡವೂ ಸಾಕಷ್ಟಿರುತ್ತದೆ ಎಂದು ಯಾರಾದರೂ ಹೇಳಬಹುದು. ಅಧಿಕ ಒತ್ತಡದ ಆಮ್ಲಜನಕಕ್ಕೆ ಒಂದು ಹನಿ ಎಣ್ಣೆ ಅಥವಾ ಗ್ರೀಸ್ ತಗುಲಿದರೂ ಕಿಡಿ ಬೇಡದೆ ಹೊತ್ತಿಕೊಂಡು ಸಿಡಿಯುತ್ತದೆ. ಸೋಸಿದ, ಒಣಗಿದ ಗಾಳಿಯಷ್ಟೇ ಈ ಬಂದೂಕಿನ ಆಹಾರ.

ಬಂದೂಕು ಆರಿಸುವಾಗ

ಗಾಳಿಯ ವ್ಯವಸ್ಥೆ ಖಚಿತವಾದ ಮೇಲೆ ಬಂದೂಕಿನ ಆಯ್ಕೆ ಅರ್ಧ ಸುಲಭವಾಗುತ್ತದೆ. ಫೈನ್‌ವೆರ್ಕ್‌ಬಾವ್, ವಾಲ್ಟರ್, ಆನ್‌ಶುಟ್ಜ್, ಸ್ಟಾಯರ್ ಮುಂತಾದ ಯುರೋಪಿನ ಹೆಸರುಗಳೇ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹೆಚ್ಚಾಗಿ ಕಾಣುತ್ತವೆ. ಇವುಗಳ ನಿಖರತೆಯಲ್ಲಿ ಕಲಿಯುವವರಿಗೆ ಗೊತ್ತಾಗುವಷ್ಟು ಅಂತರವಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಊರಿನ ಹತ್ತಿರ ಯಾವ ಮಾದರಿಯ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ), ಸಿಲಿಂಡರ್ ಮತ್ತು ರಿಪೇರಿ ತಿಳಿದವರು ಸಿಗುತ್ತಾರೋ ಆ ಮಾದರಿಯೇ ನಿಮಗೆ ಒಳ್ಳೆಯದು. ರೇಂಜ್‌ನಲ್ಲಿ ಹೆಚ್ಚಿನವರ ಬಳಿ ಇರುವ ಮಾದರಿಯನ್ನೇ ಕೊಂಡರೆ ಗಾಳಿ ತುಂಬುವಾಗ ಎರಡು ಸಿಲಿಂಡರ್‌ಗಳನ್ನು ಜೋಡಿಸುವ ಅಡಾಪ್ಟರ್ ಕೂಡ ಹೊಂದುತ್ತದೆ. ಒಂದು ಕಂಪನಿಯ ಸಿಲಿಂಡರ್‌ನ ತಿರುಪಿನ ಎಳೆ ಇನ್ನೊಂದರ ಅಡಾಪ್ಟರ್‌ಗೆ ಕೂರದೆ ಸ್ಪರ್ಧೆಯ ದಿನ ಪರದಾಡಿದವರನ್ನು ಕಂಡಿದ್ದೇನೆ.

ತೂಕದ ಮಾತು ಮಕ್ಕಳ ವಿಷಯದಲ್ಲಿ ಬಹಳ ಮುಖ್ಯ. ಅಂತರರಾಷ್ಟ್ರೀಯ ನಿಯಮ ಗರಿಷ್ಠ ಐದೂವರೆ ಕಿಲೋ ಎನ್ನುತ್ತದೆ. ಅದು ಮಿತಿಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ. ಬೆಳೆಯುವ ಮಗುವಿನ ಸೊಂಟ ಮತ್ತು ಬೆನ್ನಿಗೆ ಹಗುರವಾದ, ಭುಜಕ್ಕೆ ಆನುವ ಹಿಂಬದಿಯ ಪಟ್ಟಿಯನ್ನೂ ಕೆನ್ನೆಯ ಆನಿಕೆಯನ್ನೂ ಹಿಂದೆಮುಂದೆ, ಮೇಲೆಕೆಳಗೆ ಸರಿಸಬಹುದಾದ ಬಂದೂಕು ಬೇಕು. ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕೆ ಏರಿಸಿ, ಕೆನ್ನೆ ಆನಿಸಿ, ಆಮೇಲೆ ಕಣ್ಣು ತೆರೆಯಲು ಹೇಳಿ. ಕುತ್ತಿಗೆ ಚಾಚದೆ, ತಲೆ ವಾಲಿಸದೆ ಹಿಂದಿನ ಸೈಟಿನ ರಂಧ್ರದ ನಡುವೆ ಮುಂದಿನ ಉಂಗುರ ಕಂಡರೆ ಅಳತೆ ಹೊಂದಿದೆ ಎಂದರ್ಥ. ಎಡಗೈಯವರಿಗೆ ಎಡಗೈಯ ಹಿಡಿಕೆಯೇ ಬೇಕು.

ಹಳೆಯ ಬಂದೂಕು ಕೊಳ್ಳುವುದರಲ್ಲಿ ತಪ್ಪೇನಿಲ್ಲ, ನಮ್ಮಲ್ಲಿ ಬಹುಪಾಲು ಕಲಿಕೆ ಹಳೆಯ ಬಂದೂಕುಗಳಲ್ಲೇ ನಡೆಯುತ್ತದೆ. ಆದರೆ ಹಿಡಿಕೆಯ ಹೊಳಪು ನೋಡುವ ಮೊದಲು ಸಿಲಿಂಡರನ್ನು ಕೈಗೆ ತೆಗೆದುಕೊಂಡು ಅದರ ಮೈಮೇಲಿನ ಅಕ್ಷರಗಳನ್ನು ಬೆಳಕಿನಲ್ಲಿ ತಿರುಗಿಸಿ ಓದಿ. ತಯಾರಾದ ತಿಂಗಳು ಮತ್ತು ವರ್ಷ, ಕೆಲಸದ ಒತ್ತಡ, ಪರೀಕ್ಷೆಯ ಒತ್ತಡ ಇವಿಷ್ಟೂ ಅಲ್ಲಿರುತ್ತವೆ. ಪರೀಕ್ಷೆಯ ಒತ್ತಡ ಕೆಲಸದ ಒತ್ತಡದ ಒಂದೂವರೆ ಪಟ್ಟು, 200ರ ಸಿಲಿಂಡರ್‌ಗೆ 300 ಎಂದಿರುತ್ತದೆ. ಆ ದೊಡ್ಡ ಅಂಕಿಯನ್ನು ನೋಡಿ ‘ಇದು 300 ಬಾರ್ ಸಿಲಿಂಡರ್’ ಎಂದು ಮಾರುವವರೂ ಇದ್ದಾರೆ, ನಂಬಿ ತುಂಬುವವರೂ ಇದ್ದಾರೆ. ಸ್ಪರ್ಧೆಯ ರೈಫಲ್‌ಗಳ ಅಲ್ಯೂಮಿನಿಯಂ ಸಿಲಿಂಡರ್‌ಗೆ ತಯಾರಕರು ಸಾಮಾನ್ಯವಾಗಿ ಹಾಕುವ ಆಯುಷ್ಯ ಹತ್ತು ವರ್ಷ. ಅವಧಿಯೊಳಗಿನ ಸಿಲಿಂಡರ್ ಬಳಸುವ ಹೊಣೆ ಸ್ಪರ್ಧಾಳುವಿನದೇ ಎಂದು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮ ಹೇಳುತ್ತದೆ. ಒಂಬತ್ತು ವರ್ಷದ ಸಿಲಿಂಡರ್ ಜೊತೆ ಬರುವ ಅಗ್ಗದ ಬಂದೂಕಿನ ಬೆಲೆಗೆ ಹೊಸ ಸಿಲಿಂಡರ್‌ನ ಬೆಲೆಯನ್ನೂ ಕೂಡಿಸಿ ನೋಡಿ. ಅದು ಸಣ್ಣ ಮೊತ್ತವಲ್ಲ. ಸಾಧ್ಯವಾದರೆ ಸಿಲಿಂಡರ್ ತುಂಬಿಸಿ, ಗೇಜಿನ ಅಂಕಿ ಬರೆದಿಟ್ಟು, ಒಂದು ರಾತ್ರಿ ಬಿಟ್ಟು ಬೆಳಗ್ಗೆ ನೋಡಿ ಹಣ ಕೊಡಿ.

ತುಂಬುವ ಕ್ರಮ

ಮೊದಲು ಬಂದೂಕಿನಲ್ಲಿ ಪೆಲೆಟ್ ಇಲ್ಲವೆಂದು ಕಣ್ಣಾರೆ ನೋಡಿ, ನಳಿಗೆಯ ಉದ್ದಕ್ಕೂ ಬಣ್ಣದ ಸೇಫ್ಟಿ ದಾರ ತೂರಿಸಿ, ಆಮೇಲೆ ಸಿಲಿಂಡರನ್ನು ತಿರುಗಿಸಿ ಬಿಚ್ಚಿಕೊಳ್ಳಿ. ಅದರ ಬಾಯಿಯನ್ನೂ ಅಡಾಪ್ಟರ್‌ನ ಓ-ರಿಂಗನ್ನೂ ನೂಲು ಬಿಡದ ಒಣಬಟ್ಟೆಯಿಂದ ಒರೆಸಿ. ಮರಳಿನ ಒಂದು ಕಣ ಸಿಕ್ಕಿಕೊಂಡರೂ ಓ-ರಿಂಗ್ ಕೊಯ್ದುಹೋಗುತ್ತದೆ. ದೊಡ್ಡ ಸಿಲಿಂಡರನ್ನು ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿ, ಇಲ್ಲವೇ ಉರುಳದಂತೆ ಮಲಗಿಸಿ. ಅದರ ಕವಾಟವನ್ನು ಅಡಾಪ್ಟರ್ ಹಾಕುವ ಮೊದಲು ಅರೆಕ್ಷಣ ತೆರೆದು ಮುಚ್ಚಿದರೆ ಬಾಯಲ್ಲಿ ಕೂತ ಧೂಳು ಹಾರಿಹೋಗುತ್ತದೆ. ಆಗ ಬಾಯಿಯ ಎದುರು ಮುಖವಾಗಲಿ ಕೈಯಾಗಲಿ ಇರಬಾರದು.

ಅಡಾಪ್ಟರ್, ಅದಕ್ಕೆ ರೈಫಲ್‌ನ ಸಿಲಿಂಡರ್, ಎರಡನ್ನೂ ಕೈಯಿಂದ ಮಾತ್ರ ಬಿಗಿ ಮಾಡಿ. ಇಲ್ಲಿ ಗಾಳಿಯನ್ನು ತಡೆಯುವುದು ಓ-ರಿಂಗ್, ಬಿಗಿಯಲ್ಲ. ಸ್ಪ್ಯಾನರ್ ಹಾಕಿದರೆ ಎಳೆ ಕೆಡುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪಿಗೂ ಇಲ್ಲಿ ಕೆಲಸವಿಲ್ಲ. ಅಡಾಪ್ಟರ್‌ನ ಗಾಳಿ ಬಿಡುವ ತಿರುಪು ಮುಚ್ಚಿದೆಯೇ ನೋಡಿ, ಈಗ ದೊಡ್ಡ ಸಿಲಿಂಡರ್‌ನ ಕವಾಟವನ್ನು ಕೂದಲೆಳೆಯಷ್ಟು ತೆರೆಯಿರಿ. ‘ಸುಂಯ್’ ಎಂದು ಸಣ್ಣಗೆ ಕೇಳಿಸಬೇಕು, ಭೋರ್ಗರೆಯಬಾರದು. ನಾನು ಎರಡು ಬೆರಳನ್ನು ಸಿಲಿಂಡರ್‌ನ ಮೈಮೇಲೆ ಇಟ್ಟುಕೊಂಡಿರುತ್ತೇನೆ. ಬೆಚ್ಚಗಾದರೆ ವೇಗ ಹೆಚ್ಚಾಯಿತೆಂದೇ ಅರ್ಥ, ಕವಾಟವನ್ನು ಇನ್ನಷ್ಟು ಹಿಡಿಯುತ್ತೇನೆ. ಬೇಗ ತುಂಬಿದ ಗಾಳಿ ಬಿಸಿಯಾಗಿ ಗೇಜಿನಲ್ಲಿ 200 ತೋರಿಸಿದರೂ ಕಾಲುಗಂಟೆಯಲ್ಲಿ ತಣಿದು ಹತ್ತು ಬಾರ್ ಇಳಿದಿರುತ್ತದೆ. ಅದನ್ನು ಕಂಡು ಸೋರುತ್ತಿದೆ ಎಂದು ಗಾಬರಿಯಾಗುವವರೇ ಹೆಚ್ಚು.

ಬೇಕಾದಷ್ಟು ತುಂಬಿದ ಮೇಲೆ ದೊಡ್ಡ ಸಿಲಿಂಡರ್‌ನ ಕವಾಟ ಮುಚ್ಚಿ, ತಿರುಪನ್ನು ಸಡಿಲಿಸಿ ನಡುವಿನ ಗಾಳಿಯನ್ನು ಹೊರಬಿಡಿ. ಇದನ್ನು ಮರೆತರೆ ರೈಫಲ್‌ನ ಸಿಲಿಂಡರ್ ಬಿಚ್ಚಲು ಬರುವುದಿಲ್ಲ. ಹಾಗೆ ಜಿದ್ದಿಗೆ ಬಿದ್ದಂತೆ ಕೂತಿದ್ದರೆ ಇಕ್ಕಳ ಹುಡುಕಬೇಡಿ. ನಡುವೆ ಒತ್ತಡ ಉಳಿದಿದೆ ಎಂದು ಅದೇ ನಿಮಗೆ ಹೇಳುತ್ತಿದೆ.

ತೇವವೆಂಬ ಶತ್ರು

ಕೆಲವು ವರ್ಷಗಳ ಹಿಂದೆ ಮಂಗಳೂರಿನ ಮಳೆಗಾಲದಲ್ಲಿ ಎರಡು ತಿಂಗಳು ಬರೀ ಕೈಪಂಪಿನಿಂದಲೇ ನನ್ನ ಸಿಲಿಂಡರ್ ತುಂಬಿಕೊಂಡಿದ್ದೆ. ಪಂಪಿನ ಜೊತೆ ಒಣಗಿಸುವ ಕೊಳವೆ ಬಂದಿರಲಿಲ್ಲ, ನಾನೂ ತರಿಸಿರಲಿಲ್ಲ. ಆಮೇಲೆ ಹೊಡೆತಗಳು ಕಾರಣವಿಲ್ಲದೆ ಮೇಲೆಕೆಳಗೆ ಹೋಗತೊಡಗಿದಾಗ ಬಂದೂಕನ್ನು ತಿಳಿದವರಿಗೆ ಕೊಟ್ಟೆ. ಅವರು ಸಿಲಿಂಡರ್‌ನ ಗಾಳಿಯನ್ನೆಲ್ಲ ಬಿಟ್ಟು, ಕವಾಟ ತೆಗೆದು, ಬಾಯಿಯನ್ನು ನನ್ನ ಅಂಗೈಗೆ ಬಗ್ಗಿಸಿದರು. ನಾಲ್ಕೈದು ಹನಿ ಕಲಗಚ್ಚಿನ ಬಣ್ಣದ ನೀರು ಬಿತ್ತು, ಅದರ ಹಿಂದೆಯೇ ಬಿಳಿ ಪುಡಿ. ಅಲ್ಯೂಮಿನಿಯಂ ಒಳಗಿನಿಂದ ಸವೆಯುತ್ತಿತ್ತು. ಆ ಸಿಲಿಂಡರನ್ನು ಮತ್ತೆ ತುಂಬಲಿಲ್ಲ.

ಕಾರಣ ಸರಳವಾಗಿದೆ. ನಾವು ಉಸಿರಾಡುವ ಗಾಳಿಯಲ್ಲಿ ನೀರಿನ ಆವಿ ಇದ್ದೇ ಇದೆ. ಇನ್ನೂರು ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಒತ್ತಿದಾಗ ಆ ಆವಿ ನೀರಾಗಿ ಇಳಿಯದೆ ಬೇರೆ ದಾರಿಯಿಲ್ಲ. ಆದ್ದರಿಂದ ಕೈಪಂಪು ಬಳಸುವವರು ಗಾಳಿ ಎಳೆದುಕೊಳ್ಳುವ ಕಡೆಗೆ ಸಿಲಿಕಾ ಜೆಲ್ ತುಂಬಿದ ಕೊಳವೆಯನ್ನು ಹಾಕಲೇಬೇಕು. ನೀಲಿ ಕಾಳು ಗುಲಾಬಿಗೆ ತಿರುಗಿದರೆ ತೇವ ಕುಡಿದು ತಣಿದಿದೆ ಎಂದರ್ಥ, ಬದಲಿಸಿ. ಐವತ್ತು ಅರವತ್ತು ಸಲ ಒತ್ತಿದ ಮೇಲೆ ನಿಲ್ಲಿಸಿ, ಪಂಪಿನ ತಿರುಪು ಬಿಡಿಸಿ ಕೊಳವೆಯ ನೀರನ್ನು ಹೊರಹಾಕಿ, ಪಂಪು ತಣಿಯಲಿ. ಹಾಗೆ ಬಿಡುವಾಗ ಎದುರಿಗೆ ಒಂದು ಗೇಣು ದೂರದಲ್ಲಿ ಬಿಳಿ ಕಾಗದ ಹಿಡಿಯುವುದು ನನ್ನ ರೂಢಿ. ಕಾಗದದ ಮೇಲೆ ಚುಕ್ಕಿ ಮೂಡಿದರೆ ನೀರು, ಚುಕ್ಕಿ ಒಣಗಿದ ಮೇಲೂ ಕಾಗದ ಅಲ್ಲಿ ಪಾರದರ್ಶಕವಾಗಿ ಉಳಿದರೆ ಎಣ್ಣೆ. ಕಂಪ್ರೆಸರ್ ಇರುವವರಿಗೂ ಈ ಪರೀಕ್ಷೆ ಒಪ್ಪುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಿನವರು ಪಂಪನ್ನು ಬದಿಗಿಟ್ಟು ಸೋಸಿದ ಗಾಳಿ ತುಂಬಿಸಿ ತರುವುದೇ ಕ್ಷೇಮ.

ನಿತ್ಯದ ಆರೈಕೆ

ಪಿಸಿಪಿಗೆ ಎಣ್ಣೆಯ ಹಸಿವಿಲ್ಲ. ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವನ್ನೆಲ್ಲ ಪ್ರೀತಿಯಿಂದ ಹಾಕಿ ಓ-ರಿಂಗ್ ಉಬ್ಬಿಸಿದವರಿದ್ದಾರೆ. ಅದಕ್ಕಿಂತ ಕೆಟ್ಟದ್ದೆಂದರೆ ಅಧಿಕ ಒತ್ತಡದ ಗಾಳಿಯಲ್ಲಿ ಪೆಟ್ರೋಲಿಯಂ ಎಣ್ಣೆ ಹೊತ್ತಿಕೊಳ್ಳಬಲ್ಲದು. ಓ-ರಿಂಗ್‌ಗೆ ಶುದ್ಧ ಸಿಲಿಕೋನ್ ಗ್ರೀಸ್, ಅದೂ ಬೆರಳ ತುದಿಗೆ ಮಿನುಗು ಹತ್ತುವಷ್ಟು ಮಾತ್ರ. ರಾತ್ರಿ ಕಳೆದು ಒತ್ತಡ ಇಳಿದಿದ್ದರೆ ಸೋಪಿನ ನೊರೆಯನ್ನು ಸಣ್ಣ ಕುಂಚದಿಂದ ಕವಾಟದ ಬಾಯಿಗೂ ಗೇಜಿನ ಬುಡಕ್ಕೂ ಹಚ್ಚಿ, ಗುಳ್ಳೆ ಏಳುವ ಜಾಗ ಗುರುತಿಸಿ, ಒರೆಸಿ ಒಣಗಿಸಿ. ಸಿಲಿಂಡರ್ ತಾನಾಗಿ ಸೋರದೆ, ಬಂದೂಕಿಗೆ ಜೋಡಿಸಿದಾಗ ಮಾತ್ರ ಸೋರುತ್ತಿದ್ದರೆ ತಪ್ಪು ಬಂದೂಕಿನ ಒಳಗಿದೆ. ಅಡಾಪ್ಟರ್‌ನ ಮತ್ತು ಜೋಡಣೆಯ ಓ-ರಿಂಗ್ ಬದಲಿಸುವುದನ್ನು ಯಾರಾದರೂ ಕಲಿಯಬಹುದು. ಸಿಲಿಂಡರ್‌ನ ಕವಾಟ, ರೆಗ್ಯುಲೇಟರ್ ಇವೆರಡನ್ನು ಮನೆಯಲ್ಲಿ ಬಿಚ್ಚಬೇಡಿ.

ನಳಿಗೆಗೆ ಲೋಹದ ಬ್ರಷ್ ಬೇಡ. ಉಣ್ಣೆಯ ಸಣ್ಣ ಉಂಡೆಗಳನ್ನು ಪೆಲೆಟ್‌ನಂತೆಯೇ ಹಾಕಿ, ಗುರಿಯ ಪೆಟ್ಟಿಗೆಯತ್ತ ಹಾರಿಸಿದರೆ ಸೀಸದ ಕರಿ ಬರುತ್ತದೆ. ವಾರಕ್ಕೊಮ್ಮೆ ಸಾಕು. ಚಪ್ಪಟೆ ತಲೆಯ ಪೆಲೆಟ್‌ಗಳು 4.49, 4.50, 4.51 ಮಿಲಿಮೀಟರ್ ಹೀಗೆ ಕೂದಲೆಳೆಯ ಅಂತರದ ಅಳತೆಗಳಲ್ಲಿ ಬರುತ್ತವೆ. ಬಂದೂಕನ್ನು ಆನಿಸಿಟ್ಟು ಪ್ರತಿಯೊಂದರಲ್ಲೂ ಹತ್ತು ಹತ್ತು ಹೊಡೆದು, ಯಾವುದರ ತೂತುಗಳು ಒಂದರೊಳಗೊಂದು ಬೀಳುತ್ತವೋ ಅದನ್ನೇ ಆರಿಸಿ. ಪೆಲೆಟ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ತಿಂಡಿ ಮುಟ್ಟಬೇಡಿ. ಸೀಸ ವಿಷ, ಮಕ್ಕಳಿಗೆ ಇನ್ನೂ ಹೆಚ್ಚು.

ಬಂದೂಕನ್ನು ಪೂರ್ತಿ ಖಾಲಿ ಸಿಲಿಂಡರ್ ಜೊತೆ ಇಡಬೇಡಿ, ಪೂರ್ತಿ ತುಂಬಿಯೂ ತಿಂಗಳುಗಟ್ಟಲೆ ಬಿಡಬೇಡಿ. ನೂರರ ಸುಮಾರಿನ ಒತ್ತಡ ಇದ್ದರೆ ಕವಾಟ ತನ್ನ ಜಾಗದಲ್ಲಿ ಬಿಗಿಯಾಗಿ ಕೂತಿರುತ್ತದೆ, ಹೊರಗಿನ ತೇವವೂ ಒಳನುಸುಳದು. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ತುಂಬಿದ ಸಿಲಿಂಡರ್ ಬಿಡುವುದು ದೊಡ್ಡ ತಪ್ಪು. ಇಪ್ಪತ್ತೇಳು ಡಿಗ್ರಿಯಲ್ಲಿ 200 ಬಾರ್ ಇದ್ದದ್ದು ಐವತ್ತೇಳು ಡಿಗ್ರಿಗೆ ಏರಿದರೆ 220 ಆಗುತ್ತದೆ, ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಡಿಕ್ಕಿಯೊಳಗೆ ಅಷ್ಟು ಬಿಸಿ ಏರುವುದು ಅಸಂಭವವಲ್ಲ. ವಿಮಾನದಲ್ಲಿ ಹೋಗುವವರು ಸಿಲಿಂಡರ್ ಖಾಲಿ ಮಾಡಿ, ಟಿಕೆಟ್ ಮಾಡಿಸುವಾಗಲೇ ವಿಮಾನ ಸಂಸ್ಥೆಗೆ ತಿಳಿಸಿ ಅವರ ನಿಯಮ ಕೇಳಿಕೊಳ್ಳಬೇಕು.

ಕೊನೆಗೆ, ಹತ್ತು ವರ್ಷ ತುಂಬಿದ ಸಿಲಿಂಡರ್. ಹೊರಗಿನಿಂದ ಹೊಸದರಂತೆ ಹೊಳೆಯುತ್ತಿರುತ್ತದೆ, ಗಾಳಿಯೂ ಸೋರದು, ಬಿಸಾಡಲು ಮನಸ್ಸು ಬರುವುದಿಲ್ಲ. ಆದರೂ ಅದನ್ನು ‘ಅಭ್ಯಾಸಕ್ಕೆ ಇರಲಿ’ ಎಂದು ಕಿರಿಯರಿಗೆ ದಾಟಿಸಬೇಡಿ, ಗುಜರಿಗೆ ಹಾಗೆಯೇ ಕೊಡಲೂಬೇಡಿ, ಯಾರೋ ಒರೆಸಿ ಮತ್ತೆ ಮಾರಿಯಾರು. ಗಾಳಿಯನ್ನೆಲ್ಲ ಬಿಡಿಸಿ, ತಿಳಿದವರಿಂದ ಕವಾಟ ತೆಗೆಸಿ, ಲೇತ್ ಕೆಲಸದವರಲ್ಲಿ ಎರಡು ಹೋಳು ಮಾಡಿಸಿ, ಆಮೇಲೆ ಕೊಡಿ. ನನ್ನ ಆ ಮಂಗಳೂರಿನ ಸಿಲಿಂಡರ್‌ನ ಅರ್ಧ ಹೋಳು ಈಗಲೂ ನನ್ನ ಬಳಿ ಇದೆ. ಹೊಸದಾಗಿ ಬಂದ ಮಕ್ಕಳಿಗೆ ಒಳಗೋಡೆಯ ಬಿಳಿ ಕಲೆಗಳ ಮೇಲೆ ಬೆರಳಾಡಿಸಲು ಹೇಳುತ್ತೇನೆ.